ಕಾರಿನ ಛಾವಣಿಯ ಮೇಲಿನ ಪೆಟ್ಟಿಗೆಗೆ ಪಟ್ಟಿಯೋ, ಬೋಲ್ಟೋ?

ರ‍್ಯಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಯುವುದು), ಕ್ಯಾಮ್ ಬಕಲ್ ಪಟ್ಟಿ (ಕೈಯಿಂದ ಎಳೆದು ಬಿಗಿಯುವುದು), ಬೋಲ್ಟ್: ಕಾರಿನ ಕ್ಯಾರಿಯರ್ ಮೇಲೆ ಪೆಟ್ಟಿಗೆ ಕೂರಿಸಲು ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಖರ್ಚನ್ನು ಮರೆತುಬಿಡಿ, ಮೂರೂ ಪೆಟ್ಟಿಗೆಯ ಬೆಲೆಯ ಮುಂದೆ ಅಲ್ಪ.

ಬಿಗಿತದಲ್ಲಿ ರ‍್ಯಾಚೆಟ್ ಮುಂದು. ಹಿಡಿಯನ್ನು ನಾಲ್ಕು ಸಲ ಆಡಿಸಿದರೆ ಕೈಬಲಕ್ಕೆ ಮೀರಿದ ಸೆಳೆತ ಬರುತ್ತದೆ. ಅಪಾಯವೂ ಅದೇ: ತೆಳು ಪ್ಲಾಸ್ಟಿಕ್ ಮುಚ್ಚಳ ಬಾಗಿ, ಸಂದಿಯಲ್ಲಿ ಮಳೆನೀರು ಇಳಿಯುತ್ತದೆ. ಲೋಹದ ಭಾರದ ಪೆಟ್ಟಿಗೆಗೆ ಅದು ಸರಿ. ಪ್ಲಾಸ್ಟಿಕ್‌ಗೆ ಕೈಯಿಂದ ಎಳೆದಷ್ಟೇ ಬಿಗಿಯುವ ಕ್ಯಾಮ್ ಬಕಲ್ ಮೇಲು. ಯಾವುದೇ ಆಗಲಿ, ಪಾಲಿಯೆಸ್ಟರ್ ಪಟ್ಟಿಯನ್ನೇ ಕೊಳ್ಳಿ. ನೈಲಾನ್ ನೆನೆದರೆ ಹಿಗ್ಗುತ್ತದೆ. ಗಾಳಿಗೆ ಪಟ್ಟಿ ಗುಂಯ್‌ಗುಡುವುದು ಕಿರಿಕಿರಿಯಾದರೆ ಒಂದು ತಿರುವು ಕೊಟ್ಟು ಕಟ್ಟಿ.

ಬಾಳಿಕೆಯಲ್ಲಿ ಬೋಲ್ಟ್ ಗೆಲ್ಲುತ್ತದೆ, ಏಕೆಂದರೆ ಪಟ್ಟಿ ಬಿಸಿಲಿಗೆ ಜೀರ್ಣವಾಗುತ್ತದೆ. ಮುಚ್ಚಳ ತೆರೆಯಲು ಏನನ್ನೂ ಬಿಚ್ಚಬೇಕಿಲ್ಲ, ಬೀಗವಿದ್ದರೆ ಕಳ್ಳನಿಗೂ ಕಷ್ಟ. ಆದರೆ ತಳಕ್ಕೆ ತೂತು ಕೊರೆಯಬೇಕು. ಅಗಲವಾದ ವಾಷರ್, ನೀರು ತಡೆಯುವ ರಬ್ಬರ್, ಸಡಿಲವಾಗದ ನೈಲಾಕ್ ನಟ್ ಬೇಕು.

ವರ್ಷಕ್ಕೆರಡು ಪ್ರವಾಸವೆಂದರೆ ಪಟ್ಟಿ ಸಾಕು. ಪೆಟ್ಟಿಗೆ ತಿಂಗಳುಗಟ್ಟಲೆ ಮೇಲೆಯೇ ಇರುವುದಾದರೆ ಬೋಲ್ಟ್. ಒರಟು ದಾರಿಯಲ್ಲಿ ನಾನಾದರೆ ಬೋಲ್ಟ್ ಜೊತೆಗೆ ಒಂದು ಪಟ್ಟಿಯನ್ನೂ ಹಾಕುತ್ತೇನೆ. ಹಿಗ್ಗುವ ಎಲಾಸ್ಟಿಕ್ ಹಗ್ಗವನ್ನು ಮಾತ್ರ ನೆಚ್ಚಬೇಡಿ. ಹೊರಟು ಅರ್ಧ ಗಂಟೆಯಾದ ಮೇಲೆ ನಿಲ್ಲಿಸಿ, ಒಮ್ಮೆ ಅಲುಗಿಸಿ ನೋಡಿ.