‘5 ವರ್ಷ ಪಾಚಿ ಬರುವುದಿಲ್ಲ’ ಎಂಬ ವಾರಂಟಿ ಕಾರ್ಡು: ಹಂಚಿನ ಮನೆಯವರಿಗೂ ಮಾಡು ತೊಳೆಯುವವರಿಗೂ ಒಂದು ಎಚ್ಚರಿಕೆ

ಫೆಬ್ರವರಿ ಕಳೆಯಿತೆಂದರೆ ಕರಾವಳಿ, ಮಲೆನಾಡಿನ ಹಂಚಿನ ಮನೆಗಳ ಅಂಗಳಕ್ಕೆ ಪ್ರೆಶರ್ ವಾಷರ್ ಹೇರಿಕೊಂಡ ಗಾಡಿಗಳು ಬರತೊಡಗುತ್ತವೆ. ಮಾಡಿನ (ಛಾವಣಿಯ) ಒಂದು ಮೂಲೆಯಲ್ಲಿ ನಾಲ್ಕು ಹಂಚು ತೊಳೆದು ತೋರಿಸುತ್ತಾರೆ. ಕಪ್ಪಗೆ ಕೂತಿದ್ದ ಹಂಚು ಈಗಷ್ಟೇ ಆವಿಗೆಯಿಂದ ತೆಗೆದ ಹಾಗೆ ಕೆಂಪಗೆ ಕಾಣುತ್ತದೆ. ಜೊತೆಗೊಂದು ಬಣ್ಣದ ಕಾರ್ಡು: ‘5 ವರ್ಷ ಪಾಚಿ ವಾರಂಟಿ, ಉಚಿತ ಸರ್ವಿಸ್’.

ಮುಂದಿನದು ಹೆಚ್ಚುಕಡಿಮೆ ಒಂದೇ ಥರ. ಏಪ್ರಿಲ್‌ನಲ್ಲಿ ಕೆಲಸ ಮುಗಿದು ಪೂರ್ತಿ ದುಡ್ಡು ಸಂದಾಯವಾಗುತ್ತದೆ. ಜೂನ್ ಎರಡನೇ ವಾರ, ಹಿಂದೆಂದೂ ಸೋರದ ಕೋಣೆಯಲ್ಲಿ ನಾಲ್ಕು ಕಡೆ ತೊಟ್ಟಿಕ್ಕುತ್ತದೆ. ಫೋನ್ ಮಾಡಿದರೆ, ‘ವಾರಂಟಿ ಪಾಚಿಗೆ ಮಾತ್ರ ಸಾರ್, ಸೋರಿಕೆಗಲ್ಲ.’ ಆಗಸ್ಟ್ ಕೊನೆಗೆ ಬಡಗು ದಿಕ್ಕಿನ ಮಾಡಿನಲ್ಲಿ ಹಸಿರು ಹಾಸು. ‘ಮಳೆ ನಿಲ್ಲಲಿ, ಬರ್ತೇವೆ.’ ನವೆಂಬರ್‌ನಲ್ಲಿ ಕೇಳಿದರೆ, ‘ಕಾರ್ಡಿನ ಹಿಂಬದಿ ಓದಿ, ಮರದ ನೆರಳಿದ್ದಲ್ಲಿಗೆ ಅನ್ವಯಿಸುವುದಿಲ್ಲ.’ ಮರುವರ್ಷ ಆ ನಂಬರೇ ಹೋಗುವುದಿಲ್ಲ. ಗಾಡಿ ಬೇರೆ ಹೆಸರಿನ ಸ್ಟಿಕ್ಕರ್ ಅಂಟಿಸಿಕೊಂಡು ಪಕ್ಕದ ತಾಲ್ಲೂಕಿನಲ್ಲಿ ಓಡಾಡುತ್ತಿರುತ್ತದೆ.

ಇವರೆಲ್ಲ ಮೋಸಗಾರರೇ ಎನ್ನುವಂತಿಲ್ಲ. ಕೆಮಿಕಲ್ ಅಂಗಡಿಯವನ ಮಾತು ನಂಬಿ ಕಾರ್ಡು ಮುದ್ರಿಸಿದವರೂ ಇದ್ದಾರೆ. ತೊಂದರೆ ಇರುವುದು ಕಾರ್ಡಿನ ಮಾತಿನಲ್ಲೇ. ತೊಳೆಯುವವನ ಕೈಯಲ್ಲಿರುವುದು ಅವನ ಕೆಲಸ ಮಾತ್ರ. ಮಳೆ, ನೆರಳು, ಗಾಳಿಯಲ್ಲಿ ತೇಲಿಬರುವ ಪಾಚಿಯ ಬೀಜಕಣ ಯಾರ ಹಿಡಿತದಲ್ಲೂ ಇಲ್ಲ. ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿ.ಮೀ. ದಾಟಿ, ಆಗುಂಬೆಯಲ್ಲಿ ಅದರ ದುಪ್ಪಟ್ಟು ಸುರಿಯುವ ಮಳೆಗೆ ಐದು ವರ್ಷ ತಡೆಯುವ ಪಾಚಿಮದ್ದು ಇಲ್ಲ.

ಹಂಚೇ ಅಂಥದ್ದು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದಲ್ಲಿ ಶುರುಮಾಡಿದ ಮಾದರಿಯ ಈ ಹಂಚು ಸುಟ್ಟ ಜೇಡಿಮಣ್ಣು, ನೀರು ಹೀರುತ್ತದೆ. ಎರಡೂವರೆ ಕಿಲೋ ತೂಗುವ ಹಂಚು ತನ್ನ ತೂಕದ ಆರನೇ ಒಂದು ಪಾಲಿನಷ್ಟು, ಅಂದರೆ 400 ಗ್ರಾಂ ನೀರು ಹಿಡಿದಿಟ್ಟುಕೊಳ್ಳಬಲ್ಲದು. 1,500 ಚದರಡಿ ಮಾಡಿಗೆ, ನೂರು ಚದರಡಿಗೆ 150ರ ಲೆಕ್ಕದಲ್ಲಿ, 2,250 ಹಂಚು. ಮಳೆಗಾಲದಲ್ಲಿ ಮಾಡಿನ ಮೈಯೊಳಗೇ ಸುಮಾರು 900 ಲೀಟರ್ ನೀರು. ಪಾಚಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಬೇಕೇ?

ಸೋರಿಕೆಯ ಕಾರಣ ಬೇರೆ, ಅದು ಪೂರ್ತಿ ಕೆಲಸದ ತಪ್ಪು. ಹಂಚಿನ ಎರಡೂ ಅಂಚಿಗೆ ಒಂದಕ್ಕೊಂದು ಕೂಡುವ ಕಿರು ಕಾಲುವೆಗಳಿವೆ. ಬಂದ ನೀರು ಆ ಕಾಲುವೆಯಲ್ಲಿಳಿದು ಕೆಳಗಿನ ಹಂಚಿನ ಬೆನ್ನಿಗೆ ಬೀಳಬೇಕು. ಮೇಲ್ಮೈಯ ಪಾಚಿಯನ್ನು ರಭಸದ ನೀರಿನಿಂದ ಎಬ್ಬಿಸಿದಾಗ ಅದರ ಕೆಸರು ಹೋಗಿ ಕೂರುವುದು ಇದೇ ಕಾಲುವೆಯಲ್ಲಿ. ಬೇಸಿಗೆಯ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ನೀರು ಅಲ್ಲಿ ಕಟ್ಟಿಕೊಂಡು, ಅಂಚು ದಾಟಿ ಒಳಗೆ ಇಳಿಯುತ್ತದೆ. ಹಂಚು ಒಡೆದಿರುವುದೇ ಇಲ್ಲ. ಅದಕ್ಕೇ ಮೇಲೆ ಹತ್ತಿ ನೋಡಿದವರು ‘ಎಲ್ಲ ಸರಿಯಾಗಿದೆ’ ಎಂದು ಇಳಿದುಬಿಡುತ್ತಾರೆ.

ಇನ್ನೊಂದು ಕಾರಣ ನಳಿಕೆಯ ದಿಕ್ಕು. ಏಣಿಯ ಮೇಲೆ ನಿಂತು ಸೂರಿನ (ಮಾಡಿನ ಕೆಳ ಅಂಚಿನ) ಕಡೆಯಿಂದ ನೆತ್ತಿಯ ಕಡೆಗೆ ನೀರು ಹೊಡೆದರೆ ಅದು ನೇರ ಹಂಚಿನಡಿಗೆ ನುಗ್ಗುತ್ತದೆ, ಹಂಚು ಹೊತ್ತ ಮರದ ರೀಪು, ಪಕ್ಕಾಸು ನೆನೆಯುತ್ತವೆ. ಯಾವಾಗಲೂ ನೆತ್ತಿಯಿಂದ ಸೂರಿನ ಕಡೆಗೆ ಹೊಡೆಯಬೇಕು. ಇವರಲ್ಲಿ ಹಲವರು ಬಳಸುವುದು 150 ಬಾರ್ (ಒತ್ತಡದ ಅಳತೆ) ಮೇಲ್ಪಟ್ಟ ಯಂತ್ರ, ತುದಿಗೆ ಗಿರಗಿರ ತಿರುಗುವ ಟರ್ಬೊ ನಾಝಲ್. ಕಾಂಕ್ರೀಟ್ ಅಂಗಳಕ್ಕೆ ಅದು ಸರಿ. ಹಳೆಯ ಹಂಚಿಗೆ 40 ಬಾರ್ ಒಳಗೆ, ಬೀಸಣಿಗೆಯಂತೆ ಅಗಲವಾಗಿ ಹೊಡೆಯುವ ನಾಝಲ್, ಒಂದಡಿಗಿಂತ ಹತ್ತಿರ ಹಿಡಿಯದೆ. ಅದಕ್ಕಿಂತ ಜೋರಾದರೆ ಸುಟ್ಟ ಮೇಲ್ಪದರವೇ ಏಳುತ್ತದೆ. ಕೆಂಪಗೆ ಹೊಳೆಯುವುದು ಹಲವು ಸಲ ಕೊಳೆ ಹೋದದ್ದಕ್ಕಲ್ಲ, ಹಂಚಿನ ಚರ್ಮ ಸುಲಿದದ್ದಕ್ಕೆ. ಒರಟಾದ ಮೈಮೇಲೆ ಪಾಚಿ ಮೊದಲಿಗಿಂತ ಬೇಗ ಬೇರೂರುತ್ತದೆ. ತೊಳೆದ ದಿನ ಸೂರಿನಡಿ ಬಿದ್ದ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ: ಹಸಿರು-ಕಪ್ಪು ಇದ್ದರೆ ಪಾಚಿ, ಇಟ್ಟಿಗೆಪುಡಿಯಂತೆ ಕೆಂಪಗಿದ್ದರೆ ನಿಮ್ಮ ಹಂಚು. ಕೂಡಲೇ ಯಂತ್ರ ನಿಲ್ಲಿಸಿ.

ಮೇಲೆ ಬಳಿಯುವ ಬಣ್ಣದ ಕತೆಯೂ ಇದೇ. ತೊಳೆದ ಮರುದಿನವೇ ಅಕ್ರಿಲಿಕ್ ಪೇಂಟ್ ಹೊಡೆದು ‘10 ವರ್ಷ’ ಅನ್ನುತ್ತಾರೆ. ಹಂಚಿನೊಳಗಿನ ನೀರು ಹೊರಬರಲು ಕನಿಷ್ಠ ಮೂರು-ನಾಲ್ಕು ದಿನದ ಒಳ್ಳೆ ಬಿಸಿಲು ಬೇಕು. ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಡಬ್ಬದ ಮೇಲೆ ಬರೆದ ವರ್ಷಗಳನ್ನು ನೋಡಿ ಸಮಾಧಾನಪಡಬೇಡಿ. ಪೇಂಟ್ ಕಂಪನಿಯ ವಾರಂಟಿ ಸಾಮಾನ್ಯವಾಗಿ ಸಾಮಗ್ರಿಗೆ ಮಾತ್ರ. ಅದನ್ನು ಕೇಳಲೂ ಬಿಲ್ಲು, ಬ್ಯಾಚ್ ನಂಬರ್ ಬೇಕು. ಅವೆರಡೂ ಕಾಂಟ್ರಾಕ್ಟರನ ಜೇಬಿನಲ್ಲೇ ಉಳಿದಿರುತ್ತವೆ.

ಕಾರ್ಡಿನ ಹಿಂಬದಿಯ ಸಣ್ಣಕ್ಷರಕ್ಕೆ ಬರೋಣ. ‘ನೆರಳಿನ ಭಾಗಕ್ಕೆ ಅನ್ವಯಿಸದು’ ಎಂದರೆ ಪಾಚಿ ಬರುವ ಜಾಗವೆಲ್ಲ ಹೊರಗೆ. ‘ಅತಿವೃಷ್ಟಿ ಮುಂತಾದ ಪ್ರಕೃತಿ ವಿಕೋಪಕ್ಕೆ ಅನ್ವಯಿಸದು’ ಎಂದರೆ, ಕರಾವಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಹೊರಗೆ. ಉಳಿದದ್ದು ಪಾಚಿಯೇ ಬಾರದ ಎಂಟು ತಿಂಗಳು. ‘ನಮ್ಮವರ ಹೊರತು ಬೇರೆ ಯಾರೂ ಮಾಡು ಹತ್ತಿದರೆ ರದ್ದು’: ತೆಂಗಿನಕಾಯಿ ಬಿದ್ದು ಹಂಚು ಒಡೆದರೆ, ಮಂಗಗಳ ಹಿಂಡು ಓಡಿ ಸರಿಸಿದರೆ, ಮಳೆಯಲ್ಲಿ ಅವರಿಗಾಗಿ ಕಾಯುವವರುಂಟೇ? ಊರಿನ ಆಳನ್ನು ಹತ್ತಿಸಿದಿರಿ, ವಾರಂಟಿ ಹೋಯಿತು. ಎಲ್ಲಕ್ಕಿಂತ ಜಾಣ ಸಾಲು: ‘ಪ್ರತಿವರ್ಷ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ನವೀಕರಿಸಿದರೆ ಮಾತ್ರ.’ ಉಚಿತ ಎಂದದ್ದು ಉಚಿತವಲ್ಲ ಎಂದು ಗೊತ್ತಾಗುವುದು ಇಲ್ಲಿ.

ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರಿಗೂ ಒಂದು ಮಾತು. ಎದುರಿನವನು ಐದು ವರ್ಷ ಕೊಡುತ್ತಾನೆಂದು ನೀವೂ ಬರೆದುಕೊಡುವ ಮುಂಚೆ ಲೆಕ್ಕ ಹಾಕಿ. ಚದರಡಿಗೆ 12 ರೂಪಾಯಿ ಹಿಡಿದರೆ 1,500 ಚದರಡಿಗೆ 18,000. ಒಂದು ಸಲ ಮರಳಿ ಹೋಗಿಬರಲು ಇಬ್ಬರ ಸಂಬಳ 2,200, ಗಾಡಿ 600, ಮದ್ದು 700, ಒಟ್ಟು 3,500 ಎಂದಿಟ್ಟುಕೊಳ್ಳಿ. ವರ್ಷಕ್ಕೊಂದು ಸಲದಂತೆ ಐದು ವರ್ಷಕ್ಕೆ 17,500. ಮೊದಲ ದಿನದ ಖರ್ಚು ಇನ್ನೂ ಸೇರಿಸಿಲ್ಲ. ನಿಮ್ಮ ಊರಿನ ದರ ಹಾಕಿದರೂ ಫಲಿತಾಂಶ ಹೆಚ್ಚು ಬದಲಾಗದು. ಹಾಗಾಗಿ ಕೊಟ್ಟ ಮಾತು ಉಳಿಸಿಕೊಂಡವನು ಮುಳುಗುತ್ತಾನೆ, ಉಳಿಸಿಕೊಳ್ಳದವನು ನಂಬರ್ ಬದಲಿಸುತ್ತಾನೆ.

ಬರೆದುಕೊಡಬಹುದಾದದ್ದು ಇದೆ. ಕೆಲಸದ ವಾರಂಟಿ: ತೊಳೆಯುವಾಗ ಒಡೆದ ಹಂಚು ಬದಲಿಸುವುದು; ಅದೇ ವರ್ಷದ ಸೆಪ್ಟೆಂಬರ್ 30ರೊಳಗೆ ಹೊಸದಾಗಿ ಸೋರಿದರೆ ಏಳು ದಿನದೊಳಗೆ ಬಂದು ಕಾಲುವೆ ಬಿಡಿಸಿಕೊಡುವುದು. ಪಾಚಿಯ ವಿಷಯದಲ್ಲಿ 12 ತಿಂಗಳೊಳಗೆ ಒಂದು ಸಲ ಉಚಿತ ಮದ್ದು, ಅಷ್ಟೇ. ಈ ವಾರಂಟಿಗೆ ಬೆಲೆ ಬರಬೇಕಾದರೆ ಕೆಲಸಕ್ಕೆ ಮುಂಚಿನ ದಾಖಲೆ ಬೇಕು. ನಾಲ್ಕು ಮೂಲೆಯಿಂದ ದಿನಾಂಕ ಸಹಿತ ಫೋಟೊ, ಬಿರುಕುಬಿಟ್ಟ ಹಂಚುಗಳ ಎಣಿಕೆ, ಮೊದಲೇ ಸೋರುತ್ತಿದ್ದ ಕೋಣೆಗಳ ಪಟ್ಟಿ, ಕೆಳಗೆ ಇಬ್ಬರ ಸಹಿ. ಬಿರುಕು ಕಣ್ಣಿಗೆ ಕಾಣದಿದ್ದರೆ ಗೆಣ್ಣಿನಿಂದ ತಟ್ಟಿ: ಗಟ್ಟಿ ಹಂಚು ಠಣ್ ಅನ್ನುತ್ತದೆ, ಒಡಕು ಹಂಚು ಡಬ್ ಅನ್ನುತ್ತದೆ. ನಡು ಮಧ್ಯಾಹ್ನ ಅಟ್ಟ ಹತ್ತಿ ದೀಪ ಆರಿಸಿದರೆ ಬೆಳಕಿನ ಚುಕ್ಕಿಗಳೇ ತೂತಿನ ಜಾಗ ಹೇಳುತ್ತವೆ.

‘ಹಂಚು ಬದಲಿಸಿಕೊಡುತ್ತೇವೆ’ ಎನ್ನುವುದೂ ಸುಲಭದ ಮಾತಲ್ಲ. ಒಂದು ಕಾರ್ಖಾನೆಯ ಹಂಚಿನ ಕಾಲುವೆ ಇನ್ನೊಂದರದ್ದಕ್ಕೆ ಸರಿಯಾಗಿ ಕೂಡುವುದಿಲ್ಲ, ಹಳೆಯ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಹಂಚಿನ ಅಡಿಯಲ್ಲಿ ಒತ್ತಿದ ಹೆಸರು ನೋಡಿ, ಅದೇ ಅಚ್ಚಿನ ಐವತ್ತು ಹಂಚನ್ನು ಮನೆಯವರೇ ಹಳೆ ಮನೆ ಕೆಡಹುವಲ್ಲಿಂದ ತಂದಿಟ್ಟುಕೊಳ್ಳುವುದು ಲೇಸು.

ಎಎಂಸಿ ಬೇಡವೆಂದಲ್ಲ. ಹಿಂದೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸುತ್ತಿದ್ದರಲ್ಲ, ಅದೇ ನಿಜವಾದ ಎಎಂಸಿ. ವರ್ಷಕ್ಕೆ ಎರಡು ಭೇಟಿ ಸಾಕು. ಮೊದಲನೆಯದು ಏಪ್ರಿಲ್ ಕೊನೆ: ಒಣಗಿದ ಪಾಚಿಯನ್ನು ಹಿಡಿಸೂಡಿ ಅಥವಾ ನೈಲಾನ್ ಬ್ರಷ್ಷಿನಿಂದ ಕೆಳಮುಖವಾಗಿ ಗುಡಿಸುವುದು, ಸಾಲುಸಾಲಾಗಿ ಹಂಚು ಎತ್ತಿ ಕಾಲುವೆ ಬಿಡಿಸುವುದು, ಎರಡು ಮಾಡು ಕೂಡುವಲ್ಲಿನ ತಗಡು ಮತ್ತು ಸೂರಿನ ದೋಣಿಯಿಂದ (ಮಳೆನೀರು ಹರಿಯುವ ತಗಡಿನ ಕಾಲುವೆ) ಎಲೆ ತೆಗೆಯುವುದು, ನೆತ್ತಿಯ ಗಾರೆಯ ಬಿರುಕು ಮುಚ್ಚುವುದು, ಮೇಲೆ ಬಾಗಿದ ಕೊಂಬೆ ಕಡಿಯುವುದು. ನೀರು ಬೇಡವೇ ಬೇಡ.

ಎರಡನೆಯದು ಮಳೆ ಹಿಂದಾದ ಮೇಲೆ, ಅಕ್ಟೋಬರ್-ನವೆಂಬರ್. ಪಾಚಿ ಇನ್ನೂ ಹಸಿಯಾಗಿದ್ದು ಮದ್ದು ಹೀರಿಕೊಳ್ಳುವ ಕಾಲ ಇದು. ಮುಂದೆ ಆರು ತಿಂಗಳ ಬಿಸಿಲು ಸತ್ತ ಪಾಚಿಯನ್ನು ಉದುರಿಸುತ್ತದೆ. ಮೇ ತಿಂಗಳಲ್ಲಿ ಹೊಡೆದ ಮದ್ದು ಜೂನ್ ಮಳೆಗೆ ತೊಳೆದುಹೋಗುತ್ತದೆ. 50% ಬೆಂಜಾಲ್ಕೋನಿಯಂ ಕ್ಲೋರೈಡನ್ನು (ಸಿಗಡಿ ಕೃಷಿಕರ ಭಾಷೆಯಲ್ಲಿ ಬಿಕೆಸಿ) 1 ಲೀಟರಿಗೆ 25 ಲೀಟರ್ ನೀರು ಸೇರಿಸಿ, ಬೆನ್ನಿಗೆ ಹಾಕುವ ಸ್ಪ್ರೇಯರ್‌ನಿಂದ ಸಣ್ಣಗೆ ಹೊಡೆದು ಬಿಡಬೇಕು. 1,500 ಚದರಡಿಗೆ 30 ಲೀಟರ್ ದ್ರಾವಣ ಸಾಕು. ಎರಡು ದಿನ ಮಳೆ ಬೀಳಬಾರದು, ತೊಳೆಯಲೂಬಾರದು. ಕೆಲವೇ ವಾರದಲ್ಲಿ ಪಾಚಿ ಕಂದಾಗಿ ಒಣಗುತ್ತದೆ. ಆ ದಿನವೇ ಬಣ್ಣ ಬದಲಾಗಲಿಲ್ಲವೆಂದು ಜಗಳ ತೆಗೆಯಬೇಡಿ.

ಆ ದಿನವೇ ಬೆಳ್ಳಗಾಗಿಸುವುದು ಹೈಪೊಕ್ಲೋರೈಟ್ (ಬ್ಲೀಚ್ ದ್ರಾವಣ). 12%ದ ಕ್ಯಾನಿಗೆ ಮೂರು ಪಾಲು ನೀರು, 15–20 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದು ಕೊಲ್ಲುತ್ತದೆ, ಆದರೆ ಹಿಂದೆ ಏನೂ ಉಳಿಯುವುದಿಲ್ಲವಾದ್ದರಿಂದ ಮುಂದಿನ ಬೀಜಕಣಕ್ಕೆ ತಡೆಯಿಲ್ಲ. ಮೊಳೆ, ತಗಡು ತುಕ್ಕು ಹಿಡಿಯುತ್ತವೆ. ಆ್ಯಸಿಡ್ ಜೊತೆ ಬೆರೆತರೆ ವಿಷಗಾಳಿ. ಒಂದೇ ಗಾಡಿಯಲ್ಲಿ ಎರಡೂ ಕ್ಯಾನು ಕಂಡರೆ ಒಳಗೆ ಬಿಡಬೇಡಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ (ಮೈಲುತುತ್ತ-ಸುಣ್ಣದ) ದ್ರಾವಣವನ್ನು ಮಾಡಿಗೆ ಹೊಡೆಯುವವರೂ ಉಂಟು. ತಾಮ್ರಕ್ಕೆ ಪಾಚಿ ಹೆದರುವುದು ನಿಜ. ಆದರೆ ಹಂಚು ನೀಲಿ-ಬಿಳಿ ಕಲೆಯಾಗುತ್ತದೆ, ಜಿಐ (ಸತು ಲೇಪಿತ ಕಬ್ಬಿಣದ) ದೋಣಿ ತೂತಾಗುತ್ತದೆ. ಯಾವ ಮದ್ದೇ ಆಗಲಿ, ಮಾಡಿನ ನೀರು ಬಾವಿಗೋ ಟ್ಯಾಂಕಿಗೋ ಹೋಗುವ ಮನೆಯಾದರೆ ಮೊದಲು ಆ ಪೈಪು ಬಿಚ್ಚಿಡಿ. ಮೀನಿನ ಕೆರೆಗಂತೂ ಬಿಕೆಸಿ ನೇರ ವಿಷ.

ಸಿಮೆಂಟ್ ಶೀಟಿನ ಮಾಡಿಗೆ ಇದಾವುದೂ ಅನ್ವಯಿಸದು. ಹಳೆಯ ಆಸ್ಬೆಸ್ಟಾಸ್ ಶೀಟಿಗೆ ಪ್ರೆಶರ್ ಹಾಕಿದರೆ ಎದ್ದ ನಾರು ಶ್ವಾಸಕೋಶಕ್ಕೆ ಹೋಗುತ್ತದೆ, ಮೇಲೆ ನಿಂತವನು ಶೀಟು ಸಮೇತ ಕೆಳಗೆ ಬರುತ್ತಾನೆ. ಅಲ್ಲಿ ವಾರಂಟಿ ಕೊಡುವವನನ್ನು ಗೇಟಿನಿಂದಲೇ ಕಳಿಸಿ.

ದುಡ್ಡಿನ ವಿಷಯ: ಮೂರು ವರ್ಷದ ಎಎಂಸಿಯನ್ನು ಮುಂಗಡ ಕಟ್ಟಬೇಡಿ, ಭೇಟಿ ಮುಗಿದ ಮೇಲೆ ಆ ಭೇಟಿಯದ್ದು ಕೊಡಿ. ತೊಳೆಯುವ ಕೆಲಸದಲ್ಲಿ ಐದನೇ ಒಂದು ಪಾಲನ್ನು ಜುಲೈ ಮಳೆ ಕಳೆದ ಮೇಲೆ ಕೊಡುತ್ತೇವೆಂದು ಮೊದಲೇ ಬರೆಸಿ. ಒಪ್ಪದವನಿಗೆ ತನ್ನ ಕೆಲಸದ ಮೇಲೆ ಎಷ್ಟು ನಂಬಿಕೆಯಿದೆ ಎಂಬುದು ಅಲ್ಲೇ ತಿಳಿಯುತ್ತದೆ. 18% ಜಿಎಸ್‌ಟಿ ಸೇರಿಸಿದ್ದರೆ ಬಿಲ್ಲಿನಲ್ಲಿ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ನೋಂದಣಿ ಇಲ್ಲದವರು ಆ ತೆರಿಗೆ ವಸೂಲು ಮಾಡುವಂತಿಲ್ಲ.

ಈಗಾಗಲೇ ಸಿಕ್ಕಿಬಿದ್ದವರು ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಈಡೇರಿಸುವ ಸಾಧ್ಯತೆಯೇ ಇಲ್ಲದ ವಾರಂಟಿ ಕೊಡುವುದು, ‘ಫಲ ಸಿಗುವ ತನಕ ಮತ್ತೆ ಮತ್ತೆ ಮಾಡಿಕೊಡುತ್ತೇವೆ’ ಎಂದು ಹುಸಿ ಮಾತು ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದರಲ್ಲೇ ಬರುತ್ತದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಆಗದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸೋರುವ ಜಾಗ ಸರಿಮಾಡಿಸುವ ಮುಂಚೆ, ಹಂಚು ಎತ್ತಿದಾಗ ಕಾಲುವೆಯಲ್ಲಿ ಗಟ್ಟಿಯಾಗಿ ಕೂತ ಕೆಸರನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿ, ಆ ಕೆಸರು ಸಮೇತ ಎರಡು ಹಂಚನ್ನು ತೊಳೆಯದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.