ಕಾರಿನ ವೀಲ್ ಕ್ಯಾಪ್‌ನಲ್ಲಿ ರೆಸೊನೇಟರ್ ಗಿಟಾರ್: ಮುಚ್ಚಳವಾಗಿ ಗೆದ್ದಿತು, ಕೋನ್ ಆಗಿ ಸೋತಿತು

ರೆಸೊನೇಟರ್ ಗಿಟಾರ್ ಅಂದರೆ ಲೋಹದ ಕೋನ್ (ಶಂಕುವಿನಂಥ ತಗಡು) ಕಂಪಿಸಿ ಸದ್ದು ಹೊರಡಿಸುವ ಗಿಟಾರ್. ಆ ಕೋನ್ ಬದಲಿಗೆ ಗುಜರಿಯಿಂದ ತಂದ ಸ್ಟೀಲ್ ವೀಲ್ ಕ್ಯಾಪ್‌ಗೆ ಗಿಟಾರಿನ ಬಿಡಿಭಾಗವಾಗಿ ಹತ್ತಕ್ಕೆ ಆರು ಅಂಕ ಕೊಡಬಹುದು. ಅದರಲ್ಲಿ ಅರ್ಧ ನೋಟಕ್ಕೇ ಸಿಕ್ಕಿದ್ದು ಅಂದುಕೊಳ್ಳಿ.

ಕೊರತೆ ಎಲ್ಲಿ ಅಂದರೆ ತೂಕದಲ್ಲಿ. ಅಮೆರಿಕದ ಜಾನ್ ಡೋಪೇರಾ 1920ರ ದಶಕದಲ್ಲಿ ರೂಪಿಸಿದ ರೆಸೊನೇಟರ್‌ನಲ್ಲಿ ಸದ್ದು ಹುಟ್ಟುವುದು ಕಾಗದದಂಥ ತೆಳು ಅಲ್ಯುಮಿನಿಯಂ ಕೋನ್‌ನಿಂದ. ಸ್ಟೀಲು ಅದಕ್ಕಿಂತ ಸುಮಾರು ಮೂರು ಪಟ್ಟು ಭಾರ, ತಗಡೂ ದಪ್ಪ. ತಂತಿಯ ಅಷ್ಟಿಷ್ಟು ಶಕ್ತಿಗೆ ಅದು ಜಗ್ಗುವುದಿಲ್ಲ. ಹಾಗಾಗಿ ಸ್ವರ ಮೂಗಿನಿಂದ ಬಂದಂತೆ ಕೇಳುತ್ತದೆ, ಮಂದ್ರ ಇಲ್ಲವೇ ಇಲ್ಲ. ಸ್ಲೈಡ್ (ತಂತಿಯ ಮೇಲೆ ಜಾರಿಸುವ ಕೊಳವೆ) ಬಳಸಿ ನುಡಿಸುವವರಿಗೆ ಇದೇ ರುಚಿ. ಬೆರಳೊತ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯುವವರು ಈ ದಾರಿಗೆ ಬರದಿರುವುದೇ ಲೇಸು.

ಆರಿಸುವಾಗ ಇಡೀ ಚಕ್ರ ಮುಚ್ಚುವ ದೊಡ್ಡದನ್ನು ಬಿಟ್ಟು, ನಡುಭಾಗ ಮಾತ್ರ ಮುಚ್ಚುವ 9–10 ಇಂಚಿನದನ್ನು ಹುಡುಕಿ. ನಡುವೆ ಗುಮ್ಮಟದಂತೆ ಉಬ್ಬಿರಬೇಕು. ಚಪ್ಪಟೆಯಾಗಿದ್ದರೆ ತಂತಿಯ ಒತ್ತಡಕ್ಕೆ ಕುಸಿದು ಶ್ರುತಿ ಇಳಿಯುತ್ತಲೇ ಇರುತ್ತದೆ. ಉಗುರಿನಿಂದ ತಟ್ಟಿದಾಗ ಠಣ್ ಅಂದರೆ ಸರಿ, ಜರ್ ಅಂದರೆ ಅಂಚಿನ ಸ್ಪ್ರಿಂಗ್ ಕ್ಲಿಪ್ಪೋ ಲಾಂಛನದ ಬಿಲ್ಲೆಯೋ ಸಡಿಲವಾಗಿದೆ ಎಂದರ್ಥ. ಕ್ಲಿಪ್‌ಗಳನ್ನು ಪೂರ್ತಿ ಕಿತ್ತುಬಿಡಿ. ಇಂಥ ಗಿಟಾರಿನ ಕರಕರೆಯಲ್ಲಿ ಹೆಚ್ಚಿನ ಪಾಲು ಇವುಗಳದ್ದೇ.

ಮೂರು ತಂತಿ, 25 ಇಂಚಿನ ಸ್ಕೇಲ್ (ತಂತಿಯ ನುಡಿಯುವ ಭಾಗದ ಉದ್ದ) ಸಾಕು. ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಗಟ್ಟಿ ಮರದ ಪಟ್ಟಿ, ಅಂದರೆ ನೆಕ್, ಕ್ಯಾಪ್‌ನ ಅಡಿಯಲ್ಲಿ ಹಾದು ಗಿಟಾರಿನ ಬಾಲದ ತುದಿ ತನಕ ಹೋಗಬೇಕು. ಎಳೆತವನ್ನೆಲ್ಲ ಮರವೇ ಹೊರಬೇಕು, ತಗಡಲ್ಲ. ಗುಮ್ಮಟದ ಕೆಳಗೆ ಮರ ಎಲ್ಲೂ ತಾಗದಂತೆ ಕೆತ್ತಿ ತೆಗೆಯಿರಿ. ಮೊದಲು ನೆಕ್ ಬಿಗಿದು ಆಮೇಲೆ ಬ್ರಿಡ್ಜ್‌ಗೆ ಜಾಗ ಹುಡುಕುವುದೇ ಎಲ್ಲರೂ ಮಾಡುವ ತಪ್ಪು. ಬ್ರಿಡ್ಜ್ (ತಂತಿಯ ಕಂಪನವನ್ನು ತಗಡಿಗೆ ದಾಟಿಸುವ ಕಟ್ಟೆ) ಗುಮ್ಮಟದ ನಡುವೆಯೇ ಕೂರಬೇಕು. ಅಲ್ಲಿಂದ ನೆಕ್ಕಿನ ಮೇಲ್ತುದಿಯತ್ತ 12.5 ಇಂಚು ಅಳೆದರೆ 12ನೇ ಫ್ರೆಟ್ (ಸ್ವರಸ್ಥಾನದ ಅಡ್ಡಪಟ್ಟಿ), ಇನ್ನೂ 12.5 ಇಂಚಿಗೆ ನಟ್, ಅಂದರೆ ಮೇಲ್ತುದಿಯಲ್ಲಿ ತಂತಿ ಹೊರುವ ಅಡ್ಡಕಟ್ಟೆ.

ನಟ್‌ಗೆ ಎಂ8 ಬೋಲ್ಟ್ ಸೊಗಸಾಗಿ ಒಗ್ಗುತ್ತದೆ. 3 ಮಿಮೀ ಆಳದ ತೋಡಿನಲ್ಲಿ ಕೂರಿಸಿದರೆ 5 ಮಿಮೀ ಮೇಲೆ ಉಳಿಯುತ್ತದೆ. ಬೋಲ್ಟಿನ ತಿರುಪು ಸುತ್ತುಗಳ ನಡುವಿನ ಅಂತರ 1.25 ಮಿಮೀ, ಎಂಟು ಸುತ್ತು ಎಣಿಸಿದರೆ ತಂತಿಗಳ ನಡುವೆ ಸರಿಯಾಗಿ 10 ಮಿಮೀ. ತಂತಿಗೆ ಗೀರು ಕೊರೆಯಲು ಅರವೇ ಬೇಕಿಲ್ಲ. ಸಾಮಾನ್ಯ ಗಿಟಾರ್ ತಂತಿ ಸೆಟ್ಟಿನ 5, 4, 3ನೇ ತಂತಿ ತೆಗೆದುಕೊಂಡು ಜಿ-ಡಿ-ಜಿ ಶ್ರುತಿ ಮಾಡಿ.

ಕ್ಯಾಪನ್ನು ಸುತ್ತಲೂ ಸ್ಕ್ರೂ ಹೊಡೆದು ಬಿಗಿದರೆ ಇದ್ದ ಸದ್ದೂ ಸತ್ತುಹೋಗುತ್ತದೆ. ಸಮತಟ್ಟಾದ ಮರದ ಬಳೆಯ ಮೇಲೆ ಸುಮ್ಮನೆ ಕೂರಿಸಿ, ತಂತಿಯ ಒತ್ತಡವೇ ಹಿಡಿದುಕೊಳ್ಳಲಿ. ಅಂಚು ಸೊಟ್ಟಗಿದ್ದರೆ ನಡುವೆ ತೆಳು ಫೆಲ್ಟ್ ಇಡಿ.

ಮೈಕಿಗಾಗಿ 27 ಮಿಮೀ ಪೀಜೋ ಬಿಲ್ಲೆಯನ್ನು (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ) ಬ್ರಿಡ್ಜಿನ ಅಡಿಯ ಮರದ ಬಿಲ್ಲೆಗೆ ಅಂಟಿಸಿ. ತಗಡಿಗೇ ಅಂಟಿಸಿದರೆ ಕೈ ತಾಗಿದ್ದೆಲ್ಲ ಪಾತ್ರೆ ಬಿದ್ದಂತೆ ಕೇಳುತ್ತದೆ. ಕ್ಯಾಪ್‌ನಿಂದ ಕೇಬಲ್ ಚುಚ್ಚುವ ಜ್ಯಾಕಿನ ಅರ್ಥ್‌ಗೆ ಒಂದು ವೈರ್ ಎಳೆಯಿರಿ, ಇಲ್ಲದಿದ್ದರೆ ಗುಂಯ್‌ಗುಡುತ್ತದೆ.

ಮಂದ್ರ ಬೇಕೇ ಬೇಕು ಅನ್ನುವವರು 9.5 ಇಂಚಿನ ರೆಡಿಮೇಡ್ ಬಿಸ್ಕೆಟ್ ಕೋನ್ (ನಡುವೆ ಬ್ರಿಡ್ಜ್ ಹೊರುವ ಮರದ ಬಿಲ್ಲೆ ಇರುವ ಅಲ್ಯುಮಿನಿಯಂ ಕೋನ್) ಕೊಂಡು, ತೂತು ಕೊರೆದ ದೊಡ್ಡ ವೀಲ್ ಕ್ಯಾಪನ್ನು ಅದರ ಮೇಲಿನ ಮುಚ್ಚಳ ಮಾಡಿಕೊಳ್ಳಲಿ. ಆಗ ಅಂಕ ಎಂಟಕ್ಕೇರುತ್ತದೆ. ಸ್ಲೈಡ್‌ಗೆ ಸ್ಪಾರ್ಕ್ ಪ್ಲಗ್ ಬಿಚ್ಚುವ 21 ಮಿಮೀ ಸಾಕೆಟ್ ಇದೆಯಲ್ಲ. ಒಳಗಿನ ರಬ್ಬರ್ ಕಿತ್ತು ಬೆರಳಿಗೆ ಹಾಕಿಕೊಂಡರಾಯಿತು.