ರೇನಾಕ್ಸ್ ಡಿಸಿಆರ್-250: ಹೂವಿನ ಮ್ಯಾಕ್ರೋಗೆ ಇದೇ ಬೇಕೇ?

ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿಯುವ ಮೊದಲು, ಇರುವ ಲೆನ್ಸಿನ ಮುಂದೆ ಸಿಕ್ಕಿಸುವ ಕ್ಲೋಸ್‌ಅಪ್ ಲೆನ್ಸ್ ಹಾಕಿ ನೋಡೋಣ ಎನ್ನುವವರ ಕಿವಿಗೆ ಮೊದಲು ಬೀಳುವ ಹೆಸರುಗಳಲ್ಲಿ ರೇನಾಕ್ಸ್ ಡಿಸಿಆರ್-250 ಒಂದು. ಸರಕು ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ಕೈತೋಟದ ಹೂವೇ ಮುಖ್ಯ ಎನ್ನುವವರಿಗೆ ಇದರ ತಮ್ಮ ಡಿಸಿಆರ್-150 ಹೆಚ್ಚು ಒಗ್ಗುತ್ತದೆ.

250ರ ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನವೇ), ಅಂದರೆ ಫೋಕಲ್ ಲೆಂಗ್ತ್ 125 ಮಿ.ಮೀ. ಕ್ಯಾಮೆರಾದ ಲೆನ್ಸನ್ನು ಇನ್ಫಿನಿಟಿಗೆ (ಅತಿ ದೂರದ ಫೋಕಸ್‌ಗೆ) ಇಟ್ಟರೆ ಲೆಕ್ಕ ಸುಲಭ: ಝೂಮ್ ಎಷ್ಟು ಮಿ.ಮೀ. ಇದೆಯೋ ಅದನ್ನು 125ರಿಂದ ಭಾಗಿಸಿ, ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದ ಎಷ್ಟು ಪಟ್ಟು ಮೂಡುತ್ತದೆ ಎಂದು ಸಿಗುತ್ತದೆ. ಕ್ಯಾನನ್ 55-250 ಝೂಮ್ ಲೆನ್ಸಿನ 250 ಮಿ.ಮೀ. ತುದಿಯಲ್ಲಿ 2 ಪಟ್ಟು. ಸುಮಾರು 22 ಮಿ.ಮೀ. ಅಗಲದ ಎಪಿಎಸ್-ಸಿ ಸೆನ್ಸರ್‌ನಲ್ಲಿ ಆಗ ಫ್ರೇಮಿಗೆ ಬರುವುದು ಬರೀ 11 ಮಿ.ಮೀ. ಅಗಲ, ತುಂಬೆ ಹೂವಿಗೂ ಜಾಗ ಸಾಲದು. 150ರದ್ದು 4.8 ಡಯಾಪ್ಟರ್. ಅದೇ ಝೂಮ್‌ನಲ್ಲಿ 1.2 ಪಟ್ಟು ಸಿಗುತ್ತದೆ, ಹೂವಿನಿಂದ ಸುಮಾರು 20 ಸೆಂ.ಮೀ. ದೂರವೂ ಉಳಿಯುತ್ತದೆ. 250ರಲ್ಲಿ ಈ ದೂರ 12 ಸೆಂ.ಮೀ. ಆಸುಪಾಸು. ಎಳೆಬಿಸಿಲು ಬೆನ್ನ ಹಿಂದಿದ್ದರೆ ಲೆನ್ಸಿನ ನೆರಳು ನೇರ ಹೂವಿನ ಮೇಲೇ.

250 ಗೆಲ್ಲುವುದು ಹೂವಿನ ಒಳಗೆ ಇಳಿದಾಗ. ದಾಸವಾಳದ ಕೇಸರದ ತುದಿಯಲ್ಲಿ ಐದು ಪುಟ್ಟ ಮಖಮಲ್ ಗುಂಡುಗಳಿರುತ್ತವಲ್ಲ, ಅವುಗಳ ನವಿರು ರೋಮ, ಕೆಳಗಿನ ಪರಾಗದ ಒಂದೊಂದು ಕಾಳೂ ಎದ್ದು ಕಾಣುತ್ತದೆ. ಇಡೀ ದಾಸವಾಳ ಬೇಕೆಂದರೆ ಎರಡೂ ಬೇಡ, ಟೆಲಿ ಝೂಮ್ ಒಂದೇ ಸಾಕು.

ಇದನ್ನು ಲೆನ್ಸಿನ ಮುಂದೆ ಹಿಡಿದಿಡುವ ಕ್ಲಿಪ್ 52ರಿಂದ 67 ಮಿ.ಮೀ. ಫಿಲ್ಟರ್ ಥ್ರೆಡ್‌ಗೆ ಕೂರುತ್ತದೆ. ಎರಡೂ ಬದಿ ಸರಿಯಾಗಿ ಕಚ್ಚಿದೆಯೇ ನೋಡಿಕೊಳ್ಳಿ. ಒಂದು ಕಡೆ ವಾಲಿದರೆ ಚಿತ್ರದ ಒಂದು ಅಂಚು ಮಂಕಾಗುತ್ತದೆ, ಫೋಕಸ್ ತಪ್ಪಿತೆಂದು ಸುಮ್ಮನೆ ತಲೆಕೆಡಿಸಿಕೊಳ್ಳುತ್ತೀರಿ. ಕ್ಲಿಪ್ ತೆಗೆದರೆ ಲೆನ್ಸಿಗೆ 43 ಮಿ.ಮೀ. ಥ್ರೆಡ್ ಇದೆ, ದೊಡ್ಡ ಥ್ರೆಡ್ಡನ್ನು ಸಣ್ಣದಕ್ಕೆ ಹೊಂದಿಸುವ ಸ್ಟೆಪ್-ಡೌನ್ ರಿಂಗ್‌ಗೆ ತಿರುಗಿಸಿ ಕೂರಿಸುವುದು ಹೆಚ್ಚು ಭದ್ರ. 18-55 ಕಿಟ್ ಲೆನ್ಸಿಗೆ ಹಾಕಬೇಡಿ: ವೈಡ್ ತುದಿಯಲ್ಲಿ ಮೂಲೆಗಳು ಕಪ್ಪು, 55ರಲ್ಲೂ ಅರ್ಧ ಪಟ್ಟು ದಾಟದು.

ಬಳಸುವಾಗ ಆಟೋಫೋಕಸ್ ಆಫ್ ಮಾಡಿ, ರಿಂಗನ್ನು ಇನ್ಫಿನಿಟಿಯಲ್ಲೇ ಬಿಡಿ. ಎಷ್ಟು ದೊಡ್ಡದು ಬೇಕೋ ಅದನ್ನು ಝೂಮ್‌ನಲ್ಲಿ ಹೊಂದಿಸಿ, ಫೋಕಸ್‌ಗೆ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಬರ್ಸ್ಟ್ ಹೊಡೆಯಿರಿ (ಒಂದರ ಹಿಂದೊಂದು ಚಿತ್ರ ತೆಗೆಯಿರಿ). ಅಪರ್ಚರನ್ನು (ಬೆಳಕಿನ ರಂಧ್ರವನ್ನು) ಎಫ್/11ಕ್ಕೆ ಕಿರಿದಾಗಿಸಿದರೂ 1 ಪಟ್ಟಿಗೆ ಸ್ಪಷ್ಟವಾಗಿ ಸಿಗುವ ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇನ್ನೂ ಆಳ ಬೇಕೆಂದು ಎಫ್/22ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ತೀರಾ ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಗಾಳಿಯಿದ್ದರೆ ತೊಟ್ಟಿನ ಪಕ್ಕ ಬಿದಿರು ಕಡ್ಡಿ ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ಹಿಡಿಸಿ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್ ಬೆಳಕು ತಿನ್ನುತ್ತದೆ, ಇದು ತಿನ್ನುವುದಿಲ್ಲ. ಆದರೂ ನೆರಳಿನಲ್ಲಿ ಬೆಳಕನ್ನು ಮೆದುವಾಗಿಸುವ ಡಿಫ್ಯೂಸರ್ ಕಟ್ಟಿದ ಫ್ಲ್ಯಾಶ್ ಬೇಕೇ ಬೇಕು. ಕೆಂಪು ದಾಸವಾಳಕ್ಕೆ ಎಕ್ಸ್‌ಪೋಷರನ್ನು 2/3 ಸ್ಟಾಪ್ ಇಳಿಸಿ, ಆರ್‌ಜಿಬಿ ಹಿಸ್ಟೋಗ್ರಾಮ್‌ನಲ್ಲಿ (ಕೆಂಪು, ಹಸಿರು, ನೀಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ) ಕೆಂಪನ್ನು ಮಾತ್ರ ಗಮನಿಸಿ. ಅದು ಬಲಗೋಡೆಗೆ ಒತ್ತಿದ್ದರೆ ಎಸಳಿನ ನರಗಳು ಮಾಯ.